ಯಾರಿಗೆ ಮಾರಬಾರದು ಎಂದು ಕಲಿಯುವ ತರಗತಿ

ಹದಿನೈದು ವರ್ಷ ಸೇಲ್ಸಿನಲ್ಲಿ ಪಳಗಿದ ಮ್ಯಾನೇಜರೊಬ್ಬರನ್ನು ‘ನಿಮ್ಮ ಗ್ರಾಹಕ ಯಾರು’ ಎಂದು ಕೇಳಿ ನೋಡಿ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಯಾವ ಊರಿನ ಡಿಸ್ಟ್ರಿಬ್ಯೂಟರ್ ಎಂಥವನು, ಯಾವ ಅಂಗಡಿಯವರು ಸಾಲ ಕೇಳುತ್ತಾರೆ, ದಸರಾ ಹೊತ್ತಿಗೆ ಯಾವ ಪೇಟೆಯಲ್ಲಿ ಎಷ್ಟು ಮಾಲು ಏರುತ್ತದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಮೇಲೆ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ: ಯಾರಿಗೆ ಮಾರುವುದಿಲ್ಲ ಎಂದು ತೀರ್ಮಾನ ಮಾಡಿದ್ದೀರಿ? ಬಹುತೇಕರು ಅದನ್ನು ಎಂದೂ ಯೋಚಿಸಿರುವುದಿಲ್ಲ. ಕೆಲವರಿಗೆ ಸಿಟ್ಟೂ ಬರುತ್ತದೆ. ದುಡ್ಡು ಕೊಡಲು ಬಂದವರನ್ನು ವಾಪಸ್ ಕಳಿಸುವುದು ಯಾವ ಸೀಮೆಯ ವ್ಯಾಪಾರ ಎನ್ನುತ್ತಾರೆ.

ಅನುಭವಿ ಮ್ಯಾನೇಜರುಗಳಿಗೆ ಮಾರ್ಕೆಟಿಂಗ್ ಸ್ಟ್ರ್ಯಾಟಜಿ ಕಲಿಸುವ ಕೋರ್ಸುಗಳ ಬಗ್ಗೆ ಇತ್ತೀಚೆಗೆ ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಹೋಗಬೇಕೇ, ಬೇಡವೇ? ಅಷ್ಟು ದುಡ್ಡು ಸುರಿಯುವುದು ಸಾರ್ಥಕವೇ? ನಾನು ಸೇಲ್ಸ್ ಮತ್ತು ಬ್ರ್ಯಾಂಡ್ ಕೆಲಸದಲ್ಲಿ ಬಹಳ ವರ್ಷ ಕಳೆದವನು. ನಡುವಯಸ್ಸಿನಲ್ಲಿ ಇಂಥದೊಂದು ತರಗತಿಯಲ್ಲಿ ಕೂತು ಕಲಿತವನು. ಈಗಲೂ ಆಗಾಗ ಇಂಥ ತರಗತಿಗಳಿಗೆ ಹೋಗಿ ಮಾತಾಡುತ್ತೇನೆ. ಹೋಗಬೇಕು ಎಂಬುದೇ ನನ್ನ ಉತ್ತರ. ಆದರೆ ಏಕೆ ಹೋಗಬೇಕು ಎಂಬುದಕ್ಕೆ ನಾನು ಕೊಡುವ ಕಾರಣ ಬ್ರೋಷರುಗಳಲ್ಲಿ ಸಿಗುವುದಿಲ್ಲ.

ಮೊದಲು ತಿಂಗಳ ಕೊನೆಯಿಂದ ಶುರುಮಾಡೋಣ. ಮಾಲು ಮಾರುವ ಕಂಪನಿಗಳಲ್ಲಿ ಎರಡು ಲೆಕ್ಕ ನಡೆಯುತ್ತವೆ. ಕಂಪನಿ ಡಿಸ್ಟ್ರಿಬ್ಯೂಟರಿಗೆ ಬಿಲ್ ಮಾಡಿದ್ದು ಪ್ರೈಮರಿ. ಡಿಸ್ಟ್ರಿಬ್ಯೂಟರ್ ಅಂಗಡಿಗೆ ಹಾಕಿದ್ದು ಸೆಕೆಂಡರಿ. ಟಾರ್ಗೆಟ್ ಸಾಮಾನ್ಯವಾಗಿ ಪ್ರೈಮರಿಯ ಮೇಲೆ ನಿಂತಿರುತ್ತದೆ. ಹಾಗಾಗಿ 26, 27ನೇ ತಾರೀಕಿನಿಂದ ಫೋನುಗಳು ಬಿಸಿಯಾಗುತ್ತವೆ. ಡಿಸ್ಟ್ರಿಬ್ಯೂಟರಿನ ಗೋಡೌನ್ ತುಂಬಿದ್ದರೂ ಇನ್ನೊಂದು ಲೋಡ್ ಇಳಿಸಿ ಎಂದು ಗೋಗರೆಯುತ್ತೇವೆ, ಸ್ಕೀಮ್ ಎಂದು ರಿಯಾಯಿತಿ ಕೊಡುತ್ತೇವೆ. ನಂಬರ್ ಬರುತ್ತದೆ. ಮುಂದಿನ ತಿಂಗಳ ಮೊದಲ ಎರಡು ವಾರ ಒಂದು ಪೆಟ್ಟಿಗೆಯೂ ಅಲುಗುವುದಿಲ್ಲ. ಇದನ್ನು ಚೆನ್ನಾಗಿ ನಿಭಾಯಿಸಿದವರಿಗೆ ಬಡ್ತಿ ಸಿಗುತ್ತದೆ, ಮತ್ತು ಬಡ್ತಿಯೊಂದಿಗೆ ವರ್ಗಾವಣೆ.

ಈ ವರ್ಗಾವಣೆಯಲ್ಲೇ ವಿಷಯದ ಗಂಟಿದೆ. ಬೆಲೆ ಇಳಿಸುವುದು, ಹೊಸ ಬಗೆಯ ಗ್ರಾಹಕರ ಹಿಂದೆ ಹೋಗುವುದು, ಬ್ರ್ಯಾಂಡಿನ ಹೆಸರನ್ನು ಅಗ್ಗದ ಮಾಲಿಗೂ ಅಂಟಿಸುವುದು, ಇಂಥ ನಿರ್ಧಾರಗಳ ಫಲ ಕಾಣಲು ಮೂರು ವರ್ಷವೋ ಐದು ವರ್ಷವೋ ಬೇಕು. ಅಷ್ಟರಲ್ಲಿ ನಿರ್ಧಾರ ಮಾಡಿದ ಮನುಷ್ಯ ಕೊಯಮತ್ತೂರಿನಲ್ಲೋ ಇಂದೋರಿನಲ್ಲೋ ಇರುತ್ತಾನೆ. ಫಲ ಉಣ್ಣುವವನು ಬೇರೆಯವನು. ಹೀಗೆ ಇಪ್ಪತ್ತು ವರ್ಷ ದುಡಿದರೂ ತನ್ನದೇ ನಿರ್ಧಾರದ ಕೊನೆಯನ್ನು ಕಣ್ಣಾರೆ ಕಾಣದ ಮ್ಯಾನೇಜರುಗಳು ನಮ್ಮಲ್ಲಿ ತುಂಬಿದ್ದಾರೆ. ಮಾರುವ ಕಲೆಯನ್ನು ಅನುಭವ ಕಲಿಸುತ್ತದೆ, ಏಕೆಂದರೆ ಅಲ್ಲಿ ಫಲ ತಿಂಗಳೊಳಗೆ ಕೈಗೆ ಬರುತ್ತದೆ. ಸ್ಟ್ರ್ಯಾಟಜಿಯನ್ನು ಅನುಭವವೊಂದೇ ಕಲಿಸಲಾರದು. ಅದಕ್ಕೆ ಬೇರೆಯವರ ಹತ್ತು ವರ್ಷವನ್ನು ಒಂದು ಮಧ್ಯಾಹ್ನದಲ್ಲಿ ಬದುಕಿ ನೋಡುವ ದಾರಿಯೊಂದು ಬೇಕು. ನಿಜವಾದ ಕಂಪನಿಯೊಂದರ ಕಥೆಯನ್ನು ಮುಂದಿಟ್ಟುಕೊಂಡು ನಡೆಸುವ ಕೇಸ್ ಚರ್ಚೆ ಎಂಬುದು ಹುಟ್ಟಿದ್ದು ಇಂಥ ಕೊರತೆಯನ್ನು ತುಂಬಲಿಕ್ಕೇ ಎಂದು ನಾನು ನಂಬಿದ್ದೇನೆ.

ಇದರ ಚರಿತ್ರೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅನುಭವಿ ಅಧಿಕಾರಿಗಳಿಗಾಗಿ ತನ್ನ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ ಆರಂಭಿಸಿದ್ದು 1945ರಲ್ಲಿ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ. ನಮ್ಮ ದೇಶದಲ್ಲಿ 1956ರಲ್ಲಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಹುಟ್ಟಿತು. 1961ರಲ್ಲಿ ಅಹಮದಾಬಾದಿನ ಐಐಎಂ ಹಾರ್ವರ್ಡಿನ ನೆರವಿನೊಂದಿಗೆ ಬಂತು, ಅದರ ಜೊತೆಗೆ ಕೇಸ್ ಪದ್ಧತಿಯೂ ಬಂತು. ಬೆಂಗಳೂರಿನ ಐಐಎಂ 1973ರದು. ಬನ್ನೇರುಘಟ್ಟ ರಸ್ತೆಯ ಅದರ ಕಲ್ಲಿನ ಕಟ್ಟಡಗಳನ್ನು ವಿನ್ಯಾಸ ಮಾಡಿದವರು ಬಾಲಕೃಷ್ಣ ದೋಶಿ. ಆ ಉದ್ದನೆಯ ಪಡಸಾಲೆಗಳು, ಮೇಲಿಂದ ಇಳಿಯುವ ಬಿಸಿಲು, ಹಬ್ಬಿದ ಬಳ್ಳಿಗಳು ನೋಡಲಿಕ್ಕಷ್ಟೇ ಚೆಂದವಲ್ಲ. ತರಗತಿ ಮುಗಿದ ಮೇಲೂ ಜನ ಅಲ್ಲಿ ನಿಂತು ಮಾತು ಮುಂದುವರಿಸುತ್ತಾರೆ, ಕಲಿಕೆಯ ಅರ್ಧ ಪಾಲು ಅಲ್ಲೇ ನಡೆಯುತ್ತದೆ.

ಕೇಸ್ ಎಂದರೆ ಏನು ಎಂಬುದನ್ನು ನಮಗೆ ಹತ್ತಿರದ್ದೊಂದರಿಂದ ತೋರಿಸುತ್ತೇನೆ. ತನಿಷ್ಕ್. ಈ ಒಡವೆ ಬ್ರ್ಯಾಂಡಿನ ತಾಯಿ ಕಂಪನಿ, ಗಡಿಯಾರದ ಟೈಟಾನ್, 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಟಿಡ್ಕೊ ಸೇರಿ ಕಟ್ಟಿದ್ದು. ಕಾರ್ಖಾನೆ ಹೊಸೂರಿನಲ್ಲಿ, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಗಡಿಯಾರದ ಬಿಡಿಭಾಗಗಳನ್ನು ಹೊರದೇಶದಿಂದ ತರಿಸಲು ವಿದೇಶಿ ವಿನಿಮಯ ಬೇಕಿತ್ತು. ಆಭರಣ ಮಾಡಿ ರಫ್ತು ಮಾಡಿದರೆ ಅದು ಸಿಗುತ್ತದೆ ಎಂಬುದು ಆಭರಣಕ್ಕೆ ಇಳಿದ ಮೂಲ ಲೆಕ್ಕ. 1991ರ ಉದಾರೀಕರಣದ ನಂತರ ಆ ಲೆಕ್ಕವೇ ಸಡಿಲವಾಯಿತು. ಕಂಪನಿ ಒಳದೇಶದ ಪೇಟೆಯ ಕಡೆ ತಿರುಗಿತು. ಆಗ ಅವರ ಕೈಲಿದ್ದದ್ದು ಹೊರದೇಶದ ರುಚಿಗೆ ತಕ್ಕ 18 ಕ್ಯಾರೆಟ್ಟಿನ, ಕಲ್ಲು ಕೂರಿಸಿದ ಒಡವೆಗಳು.

ತರಗತಿಯಲ್ಲಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ಈಗ ಆ ಕಂಪನಿಯ ಮುಖ್ಯಸ್ಥರು, ಏನು ಮಾಡುತ್ತೀರಿ? ಮೊದಲ ಅರ್ಧ ಗಂಟೆ ಎಲ್ಲರೂ ತಮ್ಮ ತಮ್ಮ ಕಸುಬಿನ ಮಾತೇ ಆಡುತ್ತಾರೆ. ಜಾಹೀರಾತಿನವರು ಹೆಚ್ಚು ಜಾಹೀರಾತು ಬೇಕೆನ್ನುತ್ತಾರೆ, ಸೇಲ್ಸಿನವರು ಹೆಚ್ಚು ಅಂಗಡಿ ಬೇಕೆನ್ನುತ್ತಾರೆ, ಫೈನಾನ್ಸಿನವರು ಮುಚ್ಚಿಬಿಡಿ ಎನ್ನುತ್ತಾರೆ. ನಿಧಾನವಾಗಿ ಯಾರೋ ಒಬ್ಬರು, ಹೆಚ್ಚಾಗಿ ಹೆಣ್ಣುಮಕ್ಕಳೇ, ನಮ್ಮ ಮನೆಗಳಲ್ಲಿ ಚಿನ್ನ ಎಂದರೆ ಏನು ಎಂದು ಮಾತು ತೆಗೆಯುತ್ತಾರೆ. ಮಗಳ ಮದುವೆಗೆ ಕೂಡಿಟ್ಟದ್ದು, ಕಷ್ಟ ಬಂದರೆ ಅಡ ಇಡುವುದು. ಅದು 22 ಕ್ಯಾರೆಟ್ಟೇ ಆಗಿರಬೇಕು. ಮಾಡಿಸುವುದು ತಲೆಮಾರಿನಿಂದ ಗೊತ್ತಿರುವ ಅಕ್ಕಸಾಲಿಗರ ಹತ್ತಿರ ಅಥವಾ ಪೇಟೆಬೀದಿಯ ಚಿನಿವಾರರ ಹತ್ತಿರ. ಆ ನಂಬಿಕೆಯ ಎದುರು ಹೊಸ ಅಂಗಡಿಯ ಗಾಜು, ದೀಪಗಳಿಗೆ ಏನು ಬೆಲೆ?

ಟೈಟಾನ್ ಕಂಡುಕೊಂಡ ಉತ್ತರ ಆ ನಂಬಿಕೆಯ ಬುಡಕ್ಕೇ ಕೈಹಾಕಿತು. ಅದು 22 ಕ್ಯಾರೆಟ್ಟಿಗೆ ಬಂತು, ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇಟ್ಟಿತು. ಎಕ್ಸ್-ರೇ ಬಳಸಿ, ಒಡವೆಯನ್ನು ಕರಗಿಸದೆ, ಉಜ್ಜದೆ ಚಿನ್ನದ ಶುದ್ಧತೆ ಹೇಳುವ ಯಂತ್ರ ಅದು. ಯಾರು ಬೇಕಾದರೂ ಮನೆಯ ಒಡವೆ ತಂದು ಪರೀಕ್ಷಿಸಬಹುದಿತ್ತು. 22 ಕ್ಯಾರೆಟ್ ಎಂದು ಕೊಂಡ ಎಷ್ಟೋ ಒಡವೆ ಅಷ್ಟಿರಲಿಲ್ಲ ಎಂಬುದು ಗಿರಾಕಿಯ ಕಣ್ಣೆದುರೇ ಬಯಲಾಯಿತು. ಯಾವ ಚಿನಿವಾರರ ಹೆಸರನ್ನೂ ಕಂಪನಿ ಎತ್ತಬೇಕಾಗಲಿಲ್ಲ.

ಈ ಕಥೆಯನ್ನು ಗೆಲುವಿನ ಕಥೆಯಾಗಿ ಹೇಳಿ ಮುಗಿಸುವ ಮೇಷ್ಟ್ರುಗಳೂ ಇದ್ದಾರೆ. ನನಗೆ ಅದು ಸಾಲದು. ಅನುಭವಿಗಳ ತರಗತಿಯಲ್ಲಿ ಮುಂದಿನ ಪ್ರಶ್ನೆಯನ್ನೂ ಕೇಳಬೇಕು. 2000ನೇ ಇಸವಿಯಲ್ಲಿ ಸರ್ಕಾರದ ಮಾನಕ ಸಂಸ್ಥೆ ಬಿಐಎಸ್ ಚಿನ್ನಕ್ಕೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಹಾಕುವ ಪದ್ಧತಿಯನ್ನು ಶುರುಮಾಡಿತು. 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು. ಪೇಟೆಬೀದಿಯ ಚಿಕ್ಕ ಅಂಗಡಿಯಲ್ಲೂ ಈಗ ಶುದ್ಧತೆಯ ಮುದ್ರೆ ಸಿಗುತ್ತದೆ. ಹಾಗಾದರೆ ತನಿಷ್ಕ್‌ಗೆ ಹೋಗಿ ಹೆಚ್ಚು ಮಜೂರಿ ಕೊಡಲು ಗಿರಾಕಿಗೆ ಇನ್ನು ಯಾವ ಕಾರಣ? ಒಂದು ಕಾಲದಲ್ಲಿ ನಮ್ಮದೊಂದೇ ಆಗಿದ್ದ ಬಲ ಎಲ್ಲರ ಕೈಗೂ ಬಂದಾಗ ಏನು ಮಾಡುವುದು ಎಂಬ ಪ್ರಶ್ನೆ ಔಷಧ ಕಂಪನಿಯವರಿಗೂ, ಬ್ಯಾಂಕಿನವರಿಗೂ, ಸಾಫ್ಟ್‌ವೇರ್ ಮಾರುವವರಿಗೂ ಒಂದೇ ಸಮನೆ ಚುಚ್ಚುತ್ತದೆ. ಆ ಹೊತ್ತಿಗೆ ತರಗತಿಯಲ್ಲಿ ಯಾರೂ ಚಿನ್ನದ ಮಾತಾಡುತ್ತಿರುವುದಿಲ್ಲ, ಎಲ್ಲರೂ ತಮ್ಮ ತಮ್ಮ ಕಂಪನಿಯ ಮಾತಾಡುತ್ತಿರುತ್ತಾರೆ.

ನಿರ್ಮಾ ಮತ್ತು ಸರ್ಫ್ ಕಥೆ ಇದಕ್ಕಿಂತ ಹಳೆಯದು, ಆದರೂ ನಾನು ಅದನ್ನು ಬಿಡಲಾರೆ. ಕರ್ಸನ್‌ಭಾಯ್ ಪಟೇಲ್ 1969ರಲ್ಲಿ ಗುಜರಾತಿನಲ್ಲಿ ಮನೆಯಲ್ಲೇ ನಿರ್ಮಾ ಎಂಬ ಬಟ್ಟೆ ಒಗೆಯುವ ಪುಡಿ ತಯಾರಿಸಿ ಸೈಕಲ್ಲಿನ ಮೇಲೆ ಮಾರಲು ಆರಂಭಿಸಿದರು. ಬೆಲೆ ಸರ್ಫ್‌ನ ಮುಂದೆ ಎಷ್ಟೋ ಕಡಿಮೆ. ಸರ್ಫ್ ಮಾರುತ್ತಿದ್ದ ಹಿಂದೂಸ್ತಾನ್ ಲಿವರ್ ಆಗ ದೇಶದ ಅತ್ಯಂತ ನುರಿತ ಮ್ಯಾನೇಜರುಗಳಿದ್ದ ಕಂಪನಿ. ಆದರೂ ಬಹಳ ವರ್ಷ ಅವರು ನಿರ್ಮಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಕೊಳ್ಳುವವರು ನಮ್ಮ ಗಿರಾಕಿಗಳಲ್ಲ ಎಂಬುದು ಅವರ ವಾದ. ಅದು ಸುಳ್ಳೂ ಆಗಿರಲಿಲ್ಲ. ಅದುವರೆಗೆ ಬಾರ್ ಸೋಪಿನಲ್ಲಿ ಒಗೆಯುತ್ತಿದ್ದ ಮನೆಗಳು ನಿರ್ಮಾದ ಮೂಲಕವೇ ಮೊದಲ ಬಾರಿಗೆ ಪುಡಿಗೆ ಬಂದವು. ಯಾವ ಕಂಪನಿಯ ವರದಿಯಾದರೂ ತನ್ನ ಮಾಲು ಕೊಳ್ಳುವವರನ್ನೇ ಎಣಿಸುತ್ತದೆ. ಕೊಳ್ಳದವರ ಲೆಕ್ಕಕ್ಕೆ ಅದರಲ್ಲಿ ಒಂದು ಕಾಲಮ್ಮೂ ಇರುವುದಿಲ್ಲ.

ಲಿವರ್ ಕೊನೆಗೆ ಎಚ್ಚೆತ್ತು ಮಾಡಿದ ಕೆಲಸದಲ್ಲಿ ಕಲಿಯುವುದು ಬಹಳ ಇದೆ. ಸರ್ಫ್‌ನ ಬೆಲೆಯನ್ನು ನಿರ್ಮಾದ ಮಟ್ಟಕ್ಕೆ ಇಳಿಸಲಿಲ್ಲ. ಸರ್ಫ್ ತುಸು ದುಬಾರಿಯಾದರೂ ಲೆಕ್ಕ ಹಾಕಿದರೆ ಅಗ್ಗ ಎಂದು ಜಾಹೀರಾತಿನ ಜಾಣ ಗೃಹಿಣಿ ಲಲಿತಾಜಿಯ ಬಾಯಲ್ಲಿ ಹೇಳಿಸಿತು. ಬೇರೆಯಾಗಿ 1980ರ ದಶಕದ ಕೊನೆಯಲ್ಲಿ ವೀಲ್ ಎಂಬ ಅಗ್ಗದ ಪುಡಿ ತಂದಿತು. ವೀಲ್‌ಗೆ ಹೆಸರಷ್ಟೇ ಹೊಸದಾಗಿರಲಿಲ್ಲ: ತಯಾರಿಕೆ, ಖರ್ಚಿನ ಲೆಕ್ಕ, ಹಂಚಿಕೆ ಎಲ್ಲವನ್ನೂ ಕಡಿಮೆ ಬೆಲೆಗೆ ಹೊಂದುವಂತೆ ಬೇರೆಯಾಗಿಯೇ ಕಟ್ಟಿದರು. ದುಬಾರಿ ಮಾಲಿನ ಖರ್ಚಿನ ಮೇಲೆ ಅಗ್ಗದ ಲೇಬಲ್ ಅಂಟಿಸಿದ್ದರೆ ಎರಡೂ ಉಳಿಯುತ್ತಿರಲಿಲ್ಲ. ಸ್ಟ್ರ್ಯಾಟಜಿ ಎಂದರೆ ಪವರ್‌ಪಾಯಿಂಟ್ ಎಂದುಕೊಂಡವರಿಗೆ ನಾನು ವೀಲ್‌ನ ಈ ಕಥೆಯನ್ನೇ ಹೇಳುವುದು. ಇದೇ ತಕ್ಕಡಿಯಲ್ಲಿ ಟಾಟಾ ಅವರ ನ್ಯಾನೊ ಕಾರನ್ನೂ ತೂಗಬಹುದು. 2008ರಲ್ಲಿ ದೆಹಲಿಯಲ್ಲಿ ತೋರಿಸಿದಾಗ ಇಡೀ ಜಗತ್ತು ಬೆರಗಾಗಿತ್ತು. ‘ಅತಿ ಅಗ್ಗದ ಕಾರು’ ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತು ಎಂದು ಆಮೇಲೆ ರತನ್ ಟಾಟಾ ಅವರೇ ಹೇಳಿಕೊಂಡರು.

ಈಗ ಒಂದು ಚಿಕ್ಕ ಲೆಕ್ಕ. ಇಂಥ ತರಗತಿಗಳಲ್ಲಿ ನಾನು ಮೊದಲು ಕೊಡುವುದು ಇದನ್ನೇ. ಒಂದು ಮಾಲಿನ ಬೆಲೆ 100 ರೂಪಾಯಿ. ಅದನ್ನು ಮಾಡಿ ಮುಟ್ಟಿಸಲು ತಗಲುವ ಖರ್ಚು 70. ಪ್ರತಿ ನಗಕ್ಕೆ, ಅಂದರೆ ಒಂದೊಂದು ಪೀಸಿಗೆ, ಉಳಿಯುವುದು 30. ತಿಂಗಳಿಗೆ 1000 ನಗ ಹೋಗುತ್ತವೆ, 30,000 ರೂಪಾಯಿ ಬರುತ್ತದೆ. ಈಗ ಶೇಕಡಾ 10 ರಿಯಾಯಿತಿ ಕೊಟ್ಟಿರಿ. ಅದೇ 30,000 ಬರಬೇಕಾದರೆ ಮಾರಾಟ ಎಷ್ಟು ಏರಬೇಕು? ಕೈ ಎತ್ತಿದವರಲ್ಲಿ ಹೆಚ್ಚಿನವರು ಶೇಕಡಾ 10 ಎನ್ನುತ್ತಾರೆ, ಕೆಲವರು 15 ಎನ್ನುತ್ತಾರೆ. ಕಾಗದದ ಮೇಲೆ ಹಾಕಿ ನೋಡಿ. ಬೆಲೆ 90ಕ್ಕೆ ಇಳಿದರೆ ನಗಕ್ಕೆ ಉಳಿಯುವುದು 20. 30,000ಕ್ಕೆ 1500 ನಗ ಬೇಕು, ಅಂದರೆ ಶೇಕಡಾ 50 ಹೆಚ್ಚು. ರಿಯಾಯಿತಿಗೆ ಮೊದಲೇ ಉಳಿಯುತ್ತಿದ್ದದ್ದು 30ರ ಬದಲು 20 ಆಗಿದ್ದರೆ ಮಾರಾಟ ದುಪ್ಪಟ್ಟಾಗಬೇಕಿತ್ತು. ಇನ್ನು ಅದೇ ಮೊದಲ ಮಾಲಿನ ಬೆಲೆಯನ್ನು 110ಕ್ಕೆ ಏರಿಸಿದರೆ? ನಗಕ್ಕೆ 40 ಉಳಿಯುತ್ತದೆ, 750 ನಗ ಹೋದರೂ ಸಾಕು. ಕಾಲು ಭಾಗದಷ್ಟು ಗಿರಾಕಿಗಳು ಬಿಟ್ಟುಹೋದರೂ ಕಂಪನಿಗೆ ನಷ್ಟವಿಲ್ಲ.

ಹೈಸ್ಕೂಲ್ ಹುಡುಗರೂ ಮಾಡಬಲ್ಲ ಲೆಕ್ಕ ಇದು. ಆದರೂ ಪ್ರತಿ ಸಲ ತರಗತಿ ಸ್ತಬ್ಧವಾಗುತ್ತದೆ. ಪ್ರತಿ ಕ್ವಾರ್ಟರಿನ ಕೊನೆಗೂ ಸ್ಕೀಮ್ ಮೇಲೆ ಸ್ಕೀಮ್ ಕೊಟ್ಟು ನಂಬರ್ ತಂದವರು ಅಲ್ಲಿರುತ್ತಾರೆ. ಆ ಸ್ಕೀಮುಗಳಿಗೆ ಮಾರಾಟ ಅರ್ಧ ಪಾಲು ಏರಿತ್ತೇ ಎಂದು ಮನಸ್ಸಿನಲ್ಲೇ ತಾಳೆ ನೋಡುವುದು ಅವರ ಮುಖದಲ್ಲಿ ಕಾಣುತ್ತದೆ. ಯಾರಿಗೆ ಮಾರಬಾರದು ಎಂಬ ಪ್ರಶ್ನೆಗೆ ಅರ್ಥ ಬರುವುದೂ ಆಗಲೇ. ರಿಯಾಯಿತಿಗೆ ಮಾತ್ರ ಬರುವ ಗಿರಾಕಿಯನ್ನು ಬಿಟ್ಟುಕೊಡುವುದು ಧೈರ್ಯದ ಮಾತು ಎಂದುಕೊಂಡಿದ್ದವರಿಗೆ ಅದು ಲೆಕ್ಕದ ಮಾತಾಗಿ ಕಾಣುತ್ತದೆ.

ಮೇಷ್ಟ್ರ ಪಾಠಕ್ಕಿಂತ ಪಕ್ಕದಲ್ಲಿ ಕೂತವರು ದೊಡ್ಡವರು ಎಂಬುದೂ ನನ್ನ ನಂಬಿಕೆ. ನಾನು ಕಲಿತ ತರಗತಿಯಲ್ಲಿ ರಾಣೆಬೆನ್ನೂರಿನ ಕಡೆಯ ಬೀಜದ ವ್ಯಾಪಾರದಲ್ಲಿ ನುರಿತ ಮ್ಯಾನೇಜರೊಬ್ಬರಿದ್ದರು. ಮೊದಲ ದಿನಗಳಲ್ಲಿ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಇಂಗ್ಲಿಷ್ ಅರ್ಥವಾಗುತ್ತಿತ್ತು, ಚರ್ಚೆಯ ವೇಗಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಒಂದು ರಾತ್ರಿ ಊಟದ ಹೊತ್ತಿಗೆ ಬ್ರ್ಯಾಂಡ್ ಎಂಬ ಮಾತು ಬಂದಾಗ ಅವರು ನನಗೆ ಹೇಳಿದ್ದು ಹೀಗೆ: “ರೈತ ನಮ್ಮ ಪಾಕೀಟಿನ ಹೆಸರು ನೋಡಿ ಬೀಜ ಒಯ್ಯೂದಿಲ್ರೀ ಸರ್. ಅಂಗಡಿಯವ ಇದನ್ನ ಹಾಕು ಅಂದ್ರ ಒಯ್ತಾನ. ಬೆಳಿ ಕೈಕೊಟ್ರ ಬೈಯೂದೂ ಅಂಗಡಿಯವಗs. ಹಂಗಾಗಿ ಅವ ತನ್ನ ಮರ್ಯಾದಿ ಉಳಿಸೋ ಬೀಜ ಅಷ್ಟs ಹೇಳ್ತಾನ. ನಾವು ಅವಗ ಸ್ಕೀಮ್ ಕೊಡೂದು ಬಿಟ್ಟು ಅವನ ಮರ್ಯಾದಿ ಕಾಯ್ಬೇಕ್ರಿ.”

ಗ್ರಾಹಕ ಯಾರು, ನಿರ್ಧಾರ ಯಾರದು, ಅಪಾಯ ಯಾರ ತಲೆಯ ಮೇಲೆ ಎಂಬ ಮೂರನ್ನೂ ಅವರು ನಾಲ್ಕು ಮಾತಿನಲ್ಲಿ ಬಿಡಿಸಿಟ್ಟಿದ್ದರು. ಮರುದಿನ ಮೇಷ್ಟ್ರಿಗೆ ವಿಷಯ ತಿಳಿಸಿದೆ. ಅವರು ಕನ್ನಡ ಬಲ್ಲವರು. ಕನ್ನಡದಲ್ಲೇ ಹೇಳಿ, ಉಳಿದವರಿಗೆ ನಾನು ದಾಟಿಸುತ್ತೇನೆ ಎಂದರು. ಆ ದಿನದ ಚರ್ಚೆ ಬೀಜದಂಗಡಿಯ ಸುತ್ತಲೇ ನಡೆಯಿತು. ಔಷಧ ಕಂಪನಿಯಿಂದ ಬಂದಿದ್ದವರಂತೂ ಡಾಕ್ಟರುಗಳ ವಿಷಯದಲ್ಲಿ ತಾವು ಯೋಚಿಸುತ್ತಿದ್ದ ರೀತಿಯನ್ನೇ ಪ್ರಶ್ನಿಸಿಕೊಳ್ಳತೊಡಗಿದರು.

ಈ ಕೋರ್ಸುಗಳಲ್ಲಿ ನನ್ನನ್ನು ಕಾಡುವ ಸಂಗತಿಯೂ ಇದೇ. ಪೇಟೆಯನ್ನು ಅಂಗೈಯಂತೆ ಬಲ್ಲ ಎಷ್ಟೋ ಜನ ಭಾಷೆಯ ಕಾರಣಕ್ಕೆ ಅಲ್ಲಿ ಮೂಕರಾಗಿ ಕೂರುತ್ತಾರೆ. ಇನ್ನೆಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಶುಲ್ಕ ಲಕ್ಷದ ಮಾತಾದ್ದರಿಂದ ದೊಡ್ಡ ಕಂಪನಿಗಳವರೇ ಸೀಟು ತುಂಬುತ್ತಾರೆ. ಇತ್ತೀಚೆಗೆ ಆನ್‌ಲೈನಿನಲ್ಲಿ ಮಾರುವ ತಿಂಗಳುಗಟ್ಟಲೆಯ ಕೋರ್ಸುಗಳೂ ಬಂದಿವೆ. ಇಎಂಐ ತೋರಿಸಿ, ದಿನಕ್ಕೆ ಮೂರು ಸಲ ಫೋನ್ ಮಾಡಿ ಸೇರಿಸಿಕೊಳ್ಳುತ್ತಾರೆ. ರೆಕಾರ್ಡ್ ಮಾಡಿದ ಪಾಠದಲ್ಲಿ ಮಾದರಿಗಳನ್ನು, ನಕ್ಷೆಗಳನ್ನು ಕಲಿಯಬಹುದು. ಬೀಜದಂಗಡಿಯ ಮಾತು ಅಲ್ಲಿ ಕೇಳಿಸುವುದಿಲ್ಲ. ಸರ್ಟಿಫಿಕೇಟ್ ಒಂದೇ ಬೇಕಾದವರು ಅದನ್ನು ತೆಗೆದುಕೊಳ್ಳಲಿ. ನನ್ನನ್ನು ಕೇಳುವವರಿಗೆ ನಾನು ಹೇಳುವುದು, ಮುಖಾಮುಖಿ ಕೂರುವ ಐದು ದಿನದ ತರಗತಿ ಸಿಕ್ಕರೆ ಅದಕ್ಕೇ ಹೋಗಿ, ಜೊತೆಗೆ ಕೂರುವವರು ಬೇರೆ ಬೇರೆ ಕಸುಬಿನವರೇ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ಮಾತನ್ನು ಕಳಿಸುವ ಕಂಪನಿಗಳಿಗೆ ಹೇಳಬೇಕು. ಒಬ್ಬರನ್ನೇ ಕಳಿಸಬೇಡಿ. ವಾಪಸ್ ಬಂದ ಸೋಮವಾರ ಅವರ ಮುಂದೆ ಅದೇ ಟಾರ್ಗೆಟ್ ಶೀಟ್, ಅದೇ ಮಂತ್ ಎಂಡ್ ಇರುತ್ತದೆ. ಸ್ಕೀಮ್ ನಿಲ್ಲಿಸೋಣ ಎಂದು ಒಂಟಿಯಾಗಿ ಬಾಯಿಬಿಟ್ಟವರನ್ನು ‘ಕೋರ್ಸ್ ಮುಗಿಸಿ ಬಂದಿದ್ದಾರೆ’ ಎಂದು ಪಕ್ಕಕ್ಕೆ ಸರಿಸಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೇಲ್ಸಿನವರೊಬ್ಬರು, ಫೈನಾನ್ಸಿನವರೊಬ್ಬರು ಜೊತೆಯಾಗಿ ಹೋಗಲಿ. ಕಂಪನಿಯ ನಿಜವಾದ, ಇನ್ನೂ ಬಗೆಹರಿಯದ ಒಂದು ಪ್ರಶ್ನೆಯನ್ನು ಹೊತ್ತು ಹೋಗಲಿ. ಕೊನೆಯ ಮಧ್ಯಾಹ್ನ ಅವರ ಮೇಲಧಿಕಾರಿಯೂ ಬಂದು ಕೂತು ಉತ್ತರ ಕೇಳಲಿ. ಟಾರ್ಗೆಟ್ ಬದಲಿಸುವ ಅಧಿಕಾರ ಇರುವವರು ಆ ಕೋಣೆಯಲ್ಲಿ ಇಲ್ಲದಿದ್ದರೆ ಕಲಿತದ್ದು ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ನನ್ನ ಆಸೆಯೊಂದನ್ನೂ ಹೇಳಿಬಿಡುತ್ತೇನೆ. ಇಂಥ ತರಗತಿ ಕನ್ನಡದಲ್ಲಿ, ಬೆಂಗಳೂರಿನ ಹೊರಗೆ ನಡೆಯಬೇಕು. ಕೇಸುಗಳಿಗೆ ನಮ್ಮಲ್ಲಿ ಬರವಿಲ್ಲ. ಕ್ಯಾಂಪ್ಕೊವನ್ನೇ ತೆಗೆದುಕೊಳ್ಳಿ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಸಂಸ್ಥೆ. ಅಡಿಕೆ ತೋಟಗಳ ನಡುವೆ ಬೆಳೆದ ಕೋಕೊಗೆ ಕೊಳ್ಳುವವರಿಲ್ಲದೆ ಬೆಲೆ ಕುಸಿದಾಗ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ತನ್ನ ಹೆಸರಿನಲ್ಲೂ ಚಾಕೊಲೇಟ್ ಮಾರುತ್ತದೆ, ಬೇರೆ ಕಂಪನಿಗಳಿಗೂ ಒದಗಿಸುತ್ತದೆ. ಈಗ ಹೇಳಿ, ಅದರ ಗ್ರಾಹಕ ಯಾರು? ಒಳ್ಳೆಯ ಬೆಲೆ ಬಯಸುವ ಬೆಳೆಗಾರನೇ, ಅಂಗಡಿಯಲ್ಲಿ ಚಾಕೊಲೇಟ್ ಕೇಳುವ ಮಗುವೇ, ಟನ್ನುಗಟ್ಟಲೆ ಕೊಳ್ಳುವ ಇನ್ನೊಂದು ಕಂಪನಿಯೇ? ಮೂವರ ಹಿತ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಯಾರ ಮಾತು ನಡೆಯಬೇಕು? ಜಾಹೀರಾತಿಗೆ ಕೋಟಿಗಳನ್ನು ಸುರಿಯುವ ದೊಡ್ಡ ಬ್ರ್ಯಾಂಡುಗಳ ಎದುರು ಯಾವ ಪೇಟೆಯನ್ನು ಹಿಡಿದು, ಯಾವ ಪೇಟೆಯನ್ನು ಬಿಡಬೇಕು?

ಇದನ್ನು ಹದಿನೈದು ಪುಟಗಳಲ್ಲಿ ಕನ್ನಡದಲ್ಲಿ ಬರೆಯಬಹುದು. ಪುತ್ತೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಹಾಲ್ ಹಿಡಿದು ಮೂವತ್ತು ಜನರನ್ನು ಕೂರಿಸಬಹುದು: ಹಾಲು ಒಕ್ಕೂಟದ ಮಾರ್ಕೆಟಿಂಗ್ ಅಧಿಕಾರಿಗಳು, ಗೋಡಂಬಿ ಕಾರ್ಖಾನೆಯವರು, ದಾವಣಗೆರೆಯ ಮಂಡಕ್ಕಿ, ಅಕ್ಕಿ ಮಿಲ್ಲುಗಳವರು, ಇಳಕಲ್ ಸೀರೆ ಮಾರುವವರು. ಮೊದಲ ದಿನ ಬೆಲೆಯ ಲೆಕ್ಕ, ಎರಡನೆಯ ದಿನ ತನಿಷ್ಕ್ ಮತ್ತು ಕ್ಯಾಂಪ್ಕೊ, ಮೂರನೆಯ ದಿನ ಅವರವರ ಕಂಪನಿಯ ಪ್ರಶ್ನೆ. ಕಲಿಸಬಲ್ಲ ಮೇಷ್ಟ್ರುಗಳು ನಮ್ಮ ಕಾಲೇಜುಗಳಲ್ಲಿದ್ದಾರೆ, ಕಸುಬು ಬಲ್ಲ ನಿವೃತ್ತ ಮ್ಯಾನೇಜರುಗಳೂ ಇದ್ದಾರೆ. ಕೇಸ್ ಬರೆಯಲು ಕೈ ಹಚ್ಚುವವರಿದ್ದರೆ ನನ್ನ ಸಮಯ ಕೊಡಲು ನಾನು ಸಿದ್ಧ, ಮೊದಲ ಕರಡನ್ನು ಈ ಮಳೆಗಾಲದಲ್ಲೇ ಶುರುಮಾಡಬಹುದು.